ಪ್ಲಗ್ಗಿನ ಬಣ್ಣ

“ಅವನ ಕೈಯಿಂದ ತಗೋಬೇಡ ಫೆನೆಲ್ಲಾ, ನನ್ನ ಕೈಯಿಂದ ತಗೋ,” ಎನ್ನುತ್ತ ಬ್ರೀಶಾ ಗಂಡನ ಮುಷ್ಟಿ ಬಿಡಿಸಿ, ಹಳೆಯ ಸ್ಪಾರ್ಕ್ ಪ್ಲಗ್ಗೊಂದನ್ನು ಕಿತ್ತುಕೊಂಡು ಫೆನೆಲ್ಲಾಳ ಬಿಡಿಭಾಗದ ಅಂಗಡಿಯ ಮೇಜಿನ ಮೇಲೆ ಕುಕ್ಕಿದಳು.

ಇಲಿಯಮ್ ತಡೆಯಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲ ಹತ್ತಿರವೇ ನಿಂತುಬಿಟ್ಟ.

ಪೀಲ್ ಊರಿನಲ್ಲಿ ಈ ಮನುಷ್ಯನ ಕೈಗುಣದ ಬಗ್ಗೆ ಎರಡು ಮಾತಿರಲಿಲ್ಲ. ಮ್ಯಾನ್ ದ್ವೀಪದವರಿಗೆ ಬೈಕ್ ರೇಸೆಂದರೆ ಹುಚ್ಚು. ಬೇಸಿಗೆ ಹತ್ತಿರ ಬಂತೆಂದರೆ ಬೀದಿಗೆ ನಾಲ್ಕು ಶೆಡ್ಡುಗಳಲ್ಲಿ ಜನ ಇಂಜಿನ್ ಬಿಚ್ಚಿಕೊಂಡು ಕೂತಿರುತ್ತಾರೆ. ಯಾವ ಇಂಜಿನ್ನಿಗೆ ಯಾವ ಪ್ಲಗ್ ಎಂದು ಇಲಿಯಮ್ ಹೇಳಿದರೆ ಮುಗಿಯಿತು, ಚರ್ಚೆಯಿಲ್ಲ. ಅಂಥವನು ಸ್ವಂತ ಮಗನ ಬೈಕಿಗೆ ಪ್ಲಗ್ ಆರಿಸುವಾಗ ಎಡವಿದನೇ? ಬ್ರೀಶಾ ಅದನ್ನು ತಿಳಿಯಲೆಂದೇ ಬಂದಿದ್ದಳು.

ಮಗ ಫಿನ್ಲೋ ಮಾರ್ಚಿನಲ್ಲಿ ಕರಾವಳಿ ರಸ್ತೆಯ ತಿರುವಿನಲ್ಲಿ ಕಲ್ಲುಗೋಡೆಗೆ ಗುದ್ದಿ ಸತ್ತಿದ್ದ. ನೋಡಿದವರಿಲ್ಲ. ಆಮೇಲೆ ಸುರಿದ ಮಳೆ ರಸ್ತೆಯ ಮೇಲಿನ ಗುರುತನ್ನೆಲ್ಲ ತೊಳೆದುಹಾಕಿತ್ತು. ಪೊಲೀಸರು ಅಪಘಾತವೆಂದು ಬರೆದುಕೊಂಡು ಹೋದರು. ಆದರೆ ಆ ಚಳಿಗಾಲವೆಲ್ಲ ಹುಡುಗ ಮಂಕಾಗಿದ್ದ. ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಉಳಿಯುತ್ತಿತ್ತು. ಕರೆದರೆ ಓಗೊಡುತ್ತಿರಲಿಲ್ಲ. ಬೇಕೆಂದೇ ಗೋಡೆಗೆ ಗುದ್ದಿದನೇ ಎಂಬ ಪ್ರಶ್ನೆ ತಾಯಿಯನ್ನು ಅಂದಿನಿಂದ ಒಳಗೊಳಗೇ ತಿನ್ನುತ್ತಿತ್ತು.

“ಈಗ ಬಾಯಿ ಬಿಟ್ಟಿದಾನೆ,” ಎಂದಳು. “ಪ್ಲಗ್ ನಾನೇ ತಪ್ಪು ಹಾಕಿದ್ದೆ, ಇಂಜಿನ್ ಒಮ್ಮೆಲೇ ಹಿಡ್ಕೊಂಡು, ಚಕ್ರ ನಿಂತು, ಮಗೂನ ಎತ್ತಿ ಒಗೀತು ಅಂತಾನೆ. ನಾನು ನಂಬಲ್ಲ. ನನ್ನ ಸಮಾಧಾನ ಮಾಡೋಕೆ ಇವನು ಏನು ಬೇಕಾದ್ರೂ ಹೇಳ್ತಾನೆ. ಆ ಬೈಕಿನ ಪ್ಲಗ್ ಅಂತ ಇದನ್ನ ಹಿಡ್ಕೊಂಡು ಶೆಡ್ಡಿಂದ ಈಚೆ ಬರ್ತಿದ್ದ ಹಾಗೇ ಇವನ್ನ ಎಳ್ಕೊಂಡು ಬಂದೆ. ನೀನು ಸುಳ್ಳು ಹೇಳೋಳಲ್ಲ. ನೋಡಿ ಹೇಳು.”

“ಹೊಸದೊಂದು ಕೊಡು,” ಎಂದ ಇಲಿಯಮ್, ನೆಲ ನೋಡುತ್ತ. “ಆ ಬೈಕ್ ಮತ್ತೆ ಕಟ್ತಿದೀನಿ. ಹಳೇದು ನೋಡಿ ನೀನೇ ಆರಿಸು.”

ಆರಿಸುವುದೆಂದರೆ ಅದೇ. ಹೊಸ ಪ್ಲಗ್ ಯಾವುದೆಂದು ಹಳೆಯದು ಹೇಳುತ್ತದೆ. ಇಲ್ಲಿನ ರೇಸಿನವರು ಬೈಕನ್ನು ಪೂರ್ತಿ ವೇಗದಲ್ಲಿ ಓಡಿಸುತ್ತಲೇ ಇಂಜಿನ್ ನಿಲ್ಲಿಸಿ, ಉರುಳಿಕೊಂಡು ಬಂದು, ಪ್ಲಗ್ ಬಿಚ್ಚಿ ತುದಿ ನೋಡುತ್ತಾರೆ. ಇಂಜಿನ್ ಚೆನ್ನಾಗಿದ್ದು ಪೂರ್ತಿ ವೇಗದಲ್ಲೇ ನಿಂತಿದ್ದರೆ ತುದಿ ತಿಳಿಗಂದು. ವೇಗ ತಗ್ಗಿಸಿ ನಿಲ್ಲಿಸಿದ್ದರೆ ಮಸಿ. ತಪ್ಪು ಪ್ಲಗ್ ಹಾಕಿ ಅದು ಅತಿಯಾಗಿ ಕಾದಿದ್ದರೆ ತುದಿ ಸುಣ್ಣದಂತೆ ಬಿಳಿಚಿಕೊಂಡು ಗುಳ್ಳೆ ಎದ್ದಿರುತ್ತದೆ, ಒಳಗೆ ಪಿಸ್ಟನ್ ಕರಗಿ ಇಂಜಿನ್ ಹಿಡಿದುಕೊಂಡಿರುತ್ತದೆ.

ಫೆನೆಲ್ಲಾ ಕನ್ನಡಕ ಏರಿಸಿದಳು. ಇಲಿಯಮ್ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಫಿನ್ಲೋ ತೊದಲುತ್ತ ಈ ಅಂಗಡಿಯಲ್ಲೇ ಓಡಾಡಿದ್ದ. ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ತುದಿಯಿಂದ ತಿರುಪಿನ ಥ್ರೆಡ್ಡಿನ ಬುಡದವರೆಗೆ ಉಗುರಿನಿಂದ ಎಳೆದಳು. ನಂತರ ತಲೆಯೆತ್ತಿ ಇಲಿಯಮ್‌ನನ್ನೇ ದಿಟ್ಟಿಸಿದಳು.

“ಇಲಿಯಮ್, ಇದು...”

“ನನ್ನ ಮುಖ ನೋಡಬೇಡ ಮಾರಾಯ್ತಿ, ಪ್ಲಗ್ ನೋಡು,” ಎಂದ ಅವನು ಗಡಸಾಗಿ. “ಬಣ್ಣ ಏನಿದೆಯೋ ಅಷ್ಟೇ ಹೇಳು. ನನ್ನ ಉಳಿಸೋಕೆ ಹೋಗಬೇಡ.”

ಫೆನೆಲ್ಲಾ ಪ್ಲಗ್ಗನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಬಣ್ಣ ಹೇಳಿದರೆ ಒಂದು ಸಂಸಾರ ಮುರಿಯುತ್ತದೆ. ಹೇಳದಿದ್ದರೆ ಈ ಹೆಂಗಸು ಉಳಿಯುವುದಿಲ್ಲ, ಅದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು.

“ಬಿಳಿ,” ಎಂದಳು ಕೊನೆಗೆ. “ಗುಳ್ಳೆ ಎದ್ದಿದೆ. ಇದು ಇದ್ದ ಇಂಜಿನ್ ಸುಟ್ಟುಹೋಗಿರುತ್ತೆ ಬ್ರೀಶಾ.”

ಬ್ರೀಶಾ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಹಾಗಾದ್ರೆ ನನ್ನ ಮಗ ತಾನಾಗಿ ಹೋಗಲಿಲ್ಲ,” ಎಂದಳು. “ನಮ್ಮನ್ನ ಬೇಡ ಅಂದು ಹೋಗಲಿಲ್ಲ. ಅಯ್ಯೋ ನನ್ನ ಕಂದಾ, ಮನೆಗೇ ಬರ್ತಿದ್ದೆಯಾ!” ಅಷ್ಟು ದಿನ ತಡೆದಿದ್ದ ಅಳು ಒಮ್ಮೆಲೇ ಒಡೆಯಿತು. ನೆಮ್ಮದಿಯ ಅಳು ಅದು, ಕೇಳಲು ಇನ್ನೂ ಕಷ್ಟ.

ಅತ್ತು ಮುಗಿದ ಮೇಲೆ ಅವಳು ಗಂಡನ ಕಡೆ ತಿರುಗಿದಳು.

“ಊರವರ ಬೈಕಿಗೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಪ್ಲಗ್ ಹಾಕ್ತೀಯ. ನನ್ನ ಮಗನ ಬೈಕೇ ಸಿಕ್ತಾ ನಿನಗೆ, ಮೈಮರೆಯೋಕೆ? ನೀನೇ ಕೊಂದೆ ಅವನ್ನ. ನಾನು ಅಕ್ಕನ ಮನೆಗೆ ಹೋಗ್ತೀನಿ. ಹಿಂದೆ ಬರಬೇಡ. ಸತ್ತರೂ ನಿನ್ನ ಮುಖ ನೋಡಲ್ಲ.”

“ಆಯ್ತು,” ಎಂದ ಇಲಿಯಮ್. ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಅವಳು ಬೀದಿಯ ಕೊನೆ ದಾಟುವವರೆಗೂ ಫೆನೆಲ್ಲಾ ಕಿಟಕಿಯಿಂದ ನೋಡುತ್ತಿದ್ದಳು. ಆಮೇಲೆ ಪ್ಲಗ್ಗನ್ನು ಅವನ ಮುಂದೆ ತಳ್ಳಿದಳು.

“ಏನೋ ಇದು ನಿನ್ನ ಆಟ? ಇದು ಹುಲ್ಲು ಕತ್ತರಿಸೋ ಮಷೀನಿನ ಪ್ಲಗ್. ಥ್ರೆಡ್ ಇಷ್ಟು ಗಿಡ್ಡ. ಫಿನ್ಲೋ ಬೈಕಿಗೆ ಇದು ಕೂರೋದೇ ಇಲ್ಲ.”

“ಗೊತ್ತು. ಅವಳಿಗೆ ಗೊತ್ತಿಲ್ಲ.”

“ಮಾಡದ ತಪ್ಪಿಗೆ ಹೆಂಡತೀನ ಕಳ್ಕೊಂಡೆಯಲ್ಲೋ ಪುಣ್ಯಾತ್ಮ!”

“ಇವತ್ತಾದ್ರೂ ಅವಳು ನಿದ್ದೆ ಮಾಡ್ತಾಳೆ.”

ಫೆನೆಲ್ಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕೇಳಬಾರದಿತ್ತು, ಆದರೂ ಕೇಳಿದಳು. “ಅವನ ಬೈಕಿನ ಪ್ಲಗ್ ಹೇಗಿತ್ತು?”

“ತಿಳಿಗಂದು, ಒಂದು ಚೂರು ಮಸಿಯಿಲ್ಲ,” ಎಂದ ಇಲಿಯಮ್. “ಗೋಡೆ ತಾಗೋವರೆಗೂ ನನ್ನ ಮಗ ವೇಗ ತಗ್ಗಿಸಲೇ ಇಲ್ಲ ಕಣೇ.”