ಇಡೀ ಮಾತ್ರೆ

ಅಂಗೈಗೆ ಬಿದ್ದದ್ದು ಇಡೀ ಮಾತ್ರೆ. ಮುನಿವೆಂಕಟಯ್ಯ ಅದನ್ನು ಹೆಂಡತಿಯ ಕಡೆಗೇ ಚಾಚಿದ. "ಮುರಿಯೋದ್ ಮರ್ತಿದ್ದೀಯ ಕಣಮ್ಮಿ." ಇಬ್ಬರಿಗೂ ಸಕ್ಕರೆ ಕಾಯಿಲೆ. ಡಾಕ್ಟರು ಇಬ್ಬರಿಗೂ ದಿನಕ್ಕೊಂದು ಬರೆದಿದ್ದರೂ, ಆ ದುಬಾರಿ ಮಾತ್ರೆಯನ್ನು ಮುನಿಕೃಷ್ಣಮ್ಮ ದಿನಾ ಬೆಳಿಗ್ಗೆ ಅಡಕತ್ತರಿಯಲ್ಲಿ ಎರಡು ಮಾಡುತ್ತಿದ್ದಳು. ಅದು ಸಮನಾಗಿ ಒಡೆಯುತ್ತಿರಲಿಲ್ಲ. ದೊಡ್ಡ ಚೂರು ಒಂದು ದಿನವೂ ಅವಳ ಪಾಲಿಗೆ ಹೋದದ್ದಿಲ್ಲ.

"ಮರ್ತಿಲ್ಲ ಕಣ್ರೀ. ಇಷ್ಟ್ ವರ್ಷ ಆ ಒಂದು ಕಂಪನಿಯೋರು ಬಿಟ್ರೆ ಬೇರೆ ಯಾರೂ ಇದ್ನ ಮಾಡೋ ಅಂಗಿರ್ಲಿಲ್ವಂತೆ. ಪೇಟೆಂಟು ಅಂತಾರಂತೆ. ಅದರ ವಾಯಿದೆ ಮುಗೀತಂತೆ. ಮೆಡಿಕಲ್ ಸ್ಟೋರಿನ ಗಿರಿ ಬಳೆ ಅಂಗಡಿಯೋನ್ ಥರ ಬಣ್ಣಬಣ್ಣದ ಡಬ್ಬಿ ಹರಡಿ, 'ಯಾವ ಕಂಪನೀದು ಕೊಡ್ಲಿ?' ಅಂದ. ಒಬ್ರಿಗೆ ಕೊಡ್ತಿದ್ದ ದುಡ್ಡಲ್ಲಿ ಇಬ್ರಿಗೂ ಆಗಿ ಇನ್ನೂ ಮಿಕ್ತು."

"ಡೂಪ್ಲಿಕೇಟ್ ಇರ್ಬೇಕು."

"ಡಾಕ್ಟ್ರಿಗೆ ತೋರಿಸ್ಕೊಂಡೇ ಬಂದೆ. ಅದೇ ಔಷ್ದಿನಂತೆ."

ಅವನು ಮಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅರ್ಧ ಚೂರು ನೋಡಿ ನೋಡಿ, ಅದು ದುಂಡಗಿದೆ ಎನ್ನುವುದೇ ಮರೆತುಹೋಗಿತ್ತು. "ಯಾರೂ ಜಗಳ ಆಡ್ಲಿಲ್ವಾ? ಸ್ಟ್ರೈಕು, ಗಲಾಟೆ?"

"ಏನೂ ಇಲ್ಲ. ಒಂದ್ ತಾರೀಕು ಬಂತು, ಹೋಯ್ತು. ಅಷ್ಟೇಯ."

"ಅಷ್ಟೇನಾ!" ಅವನ ಬಾಯಿ ತೆರೆದೇ ಇತ್ತು. ಆಮೇಲೆ ನೆನಪಾಯಿತು. "ನಿಂದು?"

ಅವಳು ಎಡಗೈ ಮುಷ್ಟಿ ಬಿಚ್ಚಿದಳು. ಅವನು ತನ್ನ ಮಾತ್ರೆಯನ್ನು ಅಲ್ಲಿದ್ದುದರ ಪಕ್ಕಕ್ಕಿಟ್ಟು ಬಗ್ಗಿ ನೋಡಿದ. ಯಾವುದು ಯಾರದೆಂದು ಹೇಳುವಂತೆಯೇ ಇರಲಿಲ್ಲ.

"ಇವತ್ತು ಮೊದ್ಲು ನೀನ್ ಎತ್ಕೊ," ಎಂದ.