ಬೆನ್ನಿನ ತೊಗಲು

ಜೀನನ್ನು ಕುದುರೆಯ ಹೊಟ್ಟೆಗೆ ಬಿಗಿಯುವ ಪಟ್ಟಿಗೆಂದು, ಅಂದರೆ ಬಿಗಿಪಟ್ಟಿಗೆಂದು, ಬೆರಿಲ್ ಟ್ರಾಂಟರ್ ಆರಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದ ದನದ ಬೆನ್ನಿನ ತೊಗಲು ಬುಧವಾರ ಹೆಗಲ ಬ್ಯಾಗುಗಳಾಗಿ ಲಂಡನ್ನಿನ ಅಂಗಡಿಗೆ ಹೋಯಿತು. ಬಿಗಿಪಟ್ಟಿಗಳನ್ನು ಹೊಟ್ಟೆಯ ತೊಗಲಿನಲ್ಲಿ ಕೊಯ್ದು, ಕಪ್ಪು ಬಣ್ಣ ಬಳಿದು, ಮೇಣ ತಿಕ್ಕಿ, ಹಳೇ ಜೀನೊಂದರ ಎಡಗಡೆಗೆ ಹೊಲಿದರು. ಅವತ್ತು ಬೆರಿಲ್ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಳು. ಯಾರೂ ಅವಳಿಗೆ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ, ವಾಲ್ಸಾಲ್ ಊರಾಚೆಯ ಲಾಯದಲ್ಲಿ, ಆ ಜೀನನ್ನು ಬಿಷಪ್ ಎಂಬ ಗುಂಡುಹೊಟ್ಟೆಯ ಕುದುರೆಯ ಮೇಲೆ ಮೂರನೇ ಸಲ ಕೂರಿಸುವಷ್ಟರಲ್ಲಿ ಬೆರಿಲ್‌ಗೆ ತಲೆ ಕೆಟ್ಟುಹೋಗಿತ್ತು. ಮೂವತ್ತೊಂದು ವರ್ಷದಿಂದ ಹಳೇ ಜೀನುಗಳನ್ನು ಕುದುರೆಗಳಿಗೆ ಹೊಂದಿಸುತ್ತ ಬಂದ ಕೈ ಅದು. ಕೂರಿಸಿದಾಗ ಸರಿಯಾಗಿಯೇ ಕೂರುತ್ತಿತ್ತು. ನೋರೀನ್ ಹತ್ತಿ ಎರಡು ಸುತ್ತು ಬರುವುದೇ ತಡ, ಎಡಕ್ಕೆ ಜಾರುತ್ತಿತ್ತು.

“ಇವನು ಹೊಟ್ಟೆ ಉಬ್ಬಿಸಿ ಮೋಸ ಮಾಡ್ತಿದಾನೆ ಕಣೇ,” ಎಂದಳು ನೋರೀನ್ ಮೇಲಿಂದಲೇ, ಕುದುರೆಯ ಕುತ್ತಿಗೆಯ ಕೂದಲು ಹಿಡಿದು. “ನಮ್ಮನೆಯವರು ಫೋಟೋ ಅಂದ್ರೆ ಹೊಟ್ಟೆ ಒಳಗೆಳ್ಕೊಳ್ತಾರೆ. ಈ ಕಳ್ಳ ಉಬ್ಬಿಸ್ತಾನೆ.”

ನೋರೀನ್ ಶಾಲೆಯೊಂದರಲ್ಲಿ ಅಡುಗೆಯವಳು. ಚಿಕ್ಕಂದಿನ ಕಾಯಿಲೆಯಿಂದ ಎಡಗಾಲು ಗಿಡ್ಡ. ಕೈಕಾಲು ಸರಿಯಿಲ್ಲದವರಿಗೆಂದು ಲಾಯದವರು ನಡೆಸುವ ಶನಿವಾರದ ಸವಾರಿಯಲ್ಲಿ ತನ್ನ ಸರದಿ ಬರಲಿ ಎಂದು ಎರಡು ವರ್ಷ ಕಾದಿದ್ದಳು. ವಾರದಲ್ಲಿ ಈ ಒಂದು ಗಂಟೆ ಮಾತ್ರ ಅವಳು ಕುಂಟುವುದಿಲ್ಲ.

ಬೆರಿಲ್ ಅವಳನ್ನು ಇಳಿಸಿ, ತಲೆಕೆಳಗು ಮಾಡಿಟ್ಟ ಬಕೆಟ್ಟಿನ ಮೇಲೆ ಕೂರಿಸಿದಳು. ಜೀನಿನ ಅಡಿಯ ಮೆತ್ತೆಗೆ ಎಡಗಡೆ ಒಂದು ಹಿಡಿ ಉಣ್ಣೆ ತುರುಕಿದಳು. ಹತ್ತಿಸಿ ನೋಡಿದರೆ ಮತ್ತೆ ಜಾರಿತು. ತುರುಕಿದ್ದನ್ನು ಕಿತ್ತು ಬಲಗಡೆಗೆ ತುರುಕಿದಳು. ಆಗಲೂ ಜಾರಿತು; ನೋರೀನ್ ಮತ್ತೆ ಇಳಿದು ಬಕೆಟ್ಟಿನ ಮೇಲೆ ಕೂತಳು. ಕುದುರೆಯ ಭುಜ ಸೊಟ್ಟವೇ? ಅಂಗೈಯಿಂದ ಸವರಿ ನೋಡಿದಳು, ಸೊಟ್ಟವಿರಲಿಲ್ಲ. ತನ್ನ ಕಣ್ಣಿಗೇ ವಯಸ್ಸಾಯಿತೇ? ಅರ್ಧ ಗಂಟೆಯ ಹಿಂದೆ ಮೂರನೇ ತೂತಿಗೆ ಸರಿಹೋಗಿದ್ದ ಬಿಗಿಪಟ್ಟಿಯ ಬಕಲ್ಲು ಈಗ ಐದನೆಯದಕ್ಕೆ ಬಂದಿತ್ತು. ಅರ್ಧ ಗಂಟೆಯಲ್ಲಿ ಯಾವ ಕುದುರೆ ಸೊರಗುತ್ತದೆ?

“ಇಷ್ಟಕ್ಕೆ ಇಷ್ಟು ಹೊತ್ತಾ?” ಕಾರಿಗೆ ಒರಗಿ ನಿಂತಿದ್ದ ಗಾರ್ಬೆಟ್ ಹತ್ತಿರ ಬಂದ. ಬೆರಿಲ್ ಕೆಲಸ ಮಾಡುವ ತೊಗಲಿನ ಕಾರ್ಖಾನೆಯ ಯಜಮಾನ. ಜೀನನ್ನು ಲಾಯಕ್ಕೆ ದಾನ ಕೊಡುವ ಫೋಟೋ ತೆಗೆಸಿಕೊಳ್ಳಲು ಹೊಸ ಕೋಟು ಹಾಕಿಕೊಂಡು ಬಂದಿದ್ದ. “ನಡೆಯೋಕೆ ಕಲಿಯೋ ಮುಂಚೆ ಕುದುರೆ ಹತ್ತಿದವನು ನಾನು. ಕಣ್ಣಿಗೆ ಕಾಣ್ತಿದೆಯಲ್ಲ, ತೊಂದರೆ ಜೀನಿಂದಲ್ಲ. ಆಯಮ್ಮನ ಕಾಲಿಂದು.”

ನೋರೀನ್ ಗಿಡ್ಡ ಕಾಲನ್ನು ಉದ್ದ ಕಾಲಿನ ಹಿಂದಕ್ಕೆ ಎಳೆದುಕೊಂಡಳು. ಬದುಕಿಡೀ ಕೇಳಿದ ಮಾತು, ನಿಜವೇ ಇರಬೇಕು ಎಂದುಕೊಂಡವಳ ಹಾಗೆ.

ಬೆರಿಲ್‌ಗೂ ಒಂದು ಗಳಿಗೆ ಹಾಗೇ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಗಿ, ಮಾಡಲು ಬೇರೇನೂ ತೋಚದೆ, ಜೀನಿನ ಪಕ್ಕದ ತೊಗಲನ್ನೆತ್ತಿ ಎಡಗಡೆಯ ಹೊಸ ಪಟ್ಟಿಯನ್ನು ಹಿಡಿದಳು. ಹೆಬ್ಬೆರಳ ಉಗುರು ಒತ್ತಿದಳು. ಕಲಸಿಟ್ಟ ಹಿಟ್ಟಿನಲ್ಲಿ ಉಳಿದ ಹಾಗೆ ಗುರುತು ಉಳಿಯಿತು. ಬಟಾಣಿಯಂತೆ ದುಂಡಗಿರಬೇಕಾದ ತೂತು ನಿಂಬೆಬೀಜದಂತೆ ಉದ್ದವಾಗಿತ್ತು. ಪಟ್ಟಿ ಬಗ್ಗಿಸಿದರೆ ಸುಕ್ಕು ಸುಕ್ಕು. ಬಲಗಡೆಯ ಹಳೇ ಪಟ್ಟಿಗಳೋ, ಇಪ್ಪತ್ತು ವರ್ಷ ಸವೆದರೂ ಬೆತ್ತದ ಹಾಗಿದ್ದವು.

“ಮಿಸ್ಟರ್ ಗಾರ್ಬೆಟ್, ಇದು ನಾನು ಆರಿಸಿದ ತೊಗಲಲ್ಲ.”

“ಅದೇ ತೊಗಲು.”

“ಅದೇ ದನದ್ದು. ಆದ್ರೆ ಹೊಟ್ಟೇದು. ಎಳೆದಷ್ಟೂ ಬರುತ್ತೆ, ಒಂದು ದಿನ ಹರಿಯುತ್ತೆ. ನಾನು ಗೆರೆ ಎಳೆದಿಟ್ಟಿದ್ದು ಎಲ್ಲಿ ಹೋಯ್ತು?”

ಗಾರ್ಬೆಟ್ ದನಿ ತಗ್ಗಿಸಿದ. “ನೋಡು ಬೆರಿಲ್, ಬ್ಯಾಗು ಕೊಳ್ಳೋರು ಒಂದು ಸುಕ್ಕು ಕಂಡ್ರೂ ವಾಪಸ್ ಕಳಿಸ್ತಾರೆ. ಇದು ಹೊಟ್ಟೆಯ ಹತ್ತಿರ ಇರೋ ಪಟ್ಟಿ, ಯಾರು ಬಗ್ಗಿ ನೋಡ್ತಾರೆ? ಇನ್ನೆರಡು ತೂತು ಹೊಡಿ. ಲಾಯದವರಿಗೆ ಕೊಡೋ ತಪಾಸಣೆ ಕಾರ್ಡಿನಲ್ಲಿ ‘ಜೀನು ಸರಿಯಿದೆ, ಸವಾರಿ ಮಾಡುವವಳ ಕಾಲಿನ ದೋಷ’ ಅಂತ ಬರೆದು ಸಹಿ ಹಾಕು.”

ಹಾಗೆ ಬರೆದರೆ ಲಾಯದವರು ಇವತ್ತೇ ನೋರೀನ್ ಹೆಸರು ಹೊಡೆದುಹಾಕುತ್ತಾರೆ, ಈ ಬಿಗಿಪಟ್ಟಿಗಳು ಇನ್ನೊಬ್ಬರನ್ನು ಹೊತ್ತು, ಹರಿಯುವ ದಿನಕ್ಕೆ ಕಾಯುತ್ತವೆ. ಲಂಡನ್ನಿನಲ್ಲಿ ಯಾರದೋ ಬಾಚಣಿಗೆ, ಬೀಗದ ಕೈ, ಮೂಗೊರೆಸುವ ಕಾಗದವನ್ನು ಬೆನ್ನಿನ ತೊಗಲು ಭದ್ರವಾಗಿ ಹೊರುತ್ತದೆ. ಬೆಳಗಿನಿಂದ ಮುಸುಕಿದ್ದ ಗೊಂದಲ ಬೆರಿಲ್‌ಗೆ ಒಮ್ಮೆಗೇ ಇಳಿಯಿತು. ತೂತು ಹೊಡೆಯುವ ಇಕ್ಕಳವನ್ನು ಗಾರ್ಬೆಟ್‌ನ ಹೊಸ ಕೋಟಿನ ಜೇಬಿಗೆ ಇಳಿಸಿದಳು.

“ನಾನು ಹೊಡೆಯಲ್ಲ. ನೀವೇ ಹೊಡೀರಿ. ಹೊಡೆದು, ನೀವೇ ಹತ್ತಿ ಒಂದು ಸುತ್ತು ಓಡಿಸಿ. ಬಿದ್ದಿಲ್ಲ ಅಂದ್ರೆ ಸಹಿ ಹಾಕ್ತೀನಿ.”

ಗಾರ್ಬೆಟ್ ಜೀನನ್ನು ನೋಡಿದ. ಬಿಷಪ್ ನಿಟ್ಟುಸಿರು ಬಿಟ್ಟಿತು. ಮೇಲೆ ಯಾರೂ ಇಲ್ಲದಿದ್ದರೂ ಜೀನು ಒಂದು ಬೆರಳು ಎಡಕ್ಕೆ ಸರಿಯಿತು.

“ನಾನು ಹತ್ತಲ್ಲ,” ಎಂದು ಗಾರ್ಬೆಟ್ ಹಿಂದೆ ಸರಿದ.

ಬಕೆಟ್ಟಿನ ಮೇಲಿಂದ ನೋರೀನ್ ತಲೆಯೆತ್ತಿದಳು.

“ಯಾಕೆ ಸ್ವಾಮಿ, ನಿಮ್ಮ ಎಡಗಾಲೂ ಗಿಡ್ಡವೇ?”