ಬಿಸ್ಕಿಟ್‌ನ ಬೆನ್ನಿಗೆ ಗೆರೆ

ಗಬ್ಬದ ಕುರಿ ಬಿಸ್ಕಿಟ್‌ನ ಬಾಲದ ಕೆಳಗೆ ಕಿತ್ತಳೆ ಗಾತ್ರದ ಕೆಂಪು ಮಾಂಸ ಕಂಡದ್ದೇ ತಡ, ಮಾರ್ಲಿಸ್ ಓಡಿಹೋಗಿ ದೊಡ್ಡಿಯ ಬಾಗಿಲು ಹಾಕಿದಳು. ಗಂಡ ಕರ್ಟಿಸ್‌ನ ಕಣ್ಣಿಗೆ ಅದು ಬೀಳಬಾರದಿತ್ತು. ಮೊಂಟಾನಾದ ಆ ಕುರಿಹಟ್ಟಿಯಲ್ಲಿ ಅವನಪ್ಪ ಮಾಡಿಟ್ಟುಹೋದ ನಿಯಮವೊಂದಿತ್ತು: ಯೋನಿ ಹೊರಜಾರಿದ ಕುರಿಯ ಬೆನ್ನಿಗೆ ಕೆಂಪು ಸೀಮೆಸುಣ್ಣದ ಗೆರೆ, ಈದ ಮೇಲೆ ಮರಿಗಳ ಸಮೇತ ಸಂತೆಗೆ. ಬಿಸ್ಕಿಟ್ ಈಯಲು ಇನ್ನೆರಡೇ ವಾರ. ತಬ್ಬಲಿ ಮರಿಯಾಗಿದ್ದಾಗ ಅಡುಗೆಮನೆಯ ಒಲೆ ಪಕ್ಕ ಮಲಗಿಸಿ, ಬಾಟಲಿ ಹಾಲು ಕುಡಿಸಿ ಮಾರ್ಲಿಸ್ ಸಾಕಿದ ಕುರಿ ಅದು. ಅದನ್ನು ಲಾರಿ ಹತ್ತಿಸಲು ಅವಳು ಬಿಡುವವಳಲ್ಲ.

ಫೋನ್ ಮಾಡಿದ ಐದು ನಿಮಿಷಕ್ಕೆ ಅತ್ತೆ ಓಪಲ್ ಹಿಂಬಾಗಿಲಿನಿಂದ ಬಂದರು. ಕಂಕುಳಲ್ಲಿ ಸಕ್ಕರೆ ಡಬ್ಬಿ.

"ಮೈ ಹೊರಗೆ ಬಂದಿದೆ ಅತ್ತೆ. ಊದ್ಕೊಂಡು ಒಳಗೇ ಹೋಗ್ತಿಲ್ಲ."

"ತೊಳೆದ್ಯಾ? ಹಾಗಾದ್ರೆ ಸುರಿ ಸಕ್ಕರೆ. ಅಯ್ಯೋ, ಕಾಫಿಗೆ ಹಾಕೋ ಹಾಗೆ ಚಮಚ ಚಮಚ ಹಾಕ್ಬೇಡ್ವೇ, ಧಾರಾಳವಾಗಿ ಸುರಿ!"

ಊದಿದ ಮಾಂಸದ ನೀರನ್ನು ಸಕ್ಕರೆ ಹೀರಿತು. ಅರ್ಧ ಗಂಟೆಯಲ್ಲಿ ಬಾವು ಇಳಿದು ಕಿತ್ತಳೆ ನಿಂಬೆಯಾಯಿತು. ಎಪ್ಪತ್ತು ದಾಟಿದ ಓಪಲ್ ಹುಲ್ಲಿನ ಮೇಲೆ ಕೂತು ಕುರಿಯ ಹಿಂಗಾಲುಗಳನ್ನು ಮಡಿಲಿಗೆ ಎಳೆದುಕೊಂಡರು. ಮಾರ್ಲಿಸ್ ಅಂಗೈಯಿಂದ ಮೆಲ್ಲಗೆ, ತೀರ ಮೆಲ್ಲಗೆ ಒತ್ತಿದಳು. ಮಾಂಸ ಒಳಸೇರಿತು. ಮತ್ತೆ ಜಾರದಂತೆ ಹಿಂಭಾಗಕ್ಕೆ ಪಟ್ಟಿ ಬಿಗಿದು ಬಿಟ್ಟದ್ದೇ, ಬಿಸ್ಕಿಟ್ ಎದ್ದು ಮೈಕೊಡವಿ, ಏನೂ ಆಗಿಯೇ ಇಲ್ಲವೆಂಬಂತೆ ಮೇವಿಗೆ ಬಾಯಿ ಹಾಕಿತು. ಮಾರ್ಲಿಸ್‌ಗೆ ಹೋದ ಜೀವ ಬಂದಂತಾಯಿತು. ಅತ್ತೆಯ ಕೆನ್ನೆಗೆ ಲೊಚಕ್ಕನೆ ಮುತ್ತಿಟ್ಟಳು.

ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಕರ್ಟಿಸ್ ಪಟ್ಟಿಯನ್ನು ನೋಡಿದ, ಜೇಬಿನಿಂದ ಸೀಮೆಸುಣ್ಣ ತೆಗೆದ.

"ಇವಳೊಬ್ಬಳನ್ನ ಬಿಡು, ಕರ್ಟಿಸ್," ಎಂದಳು ಮಾರ್ಲಿಸ್.

"ನಂಗೇನು ಖುಷೀನಾ? ಒಂದ್ಸಲ ಜಾರಿದ್ದು ಮತ್ತೆ ಜಾರುತ್ತೆ. ವಂಶದಲ್ಲೂ ಬರುತ್ತೆ. ತಾಯೀನೂ ಬೇಡ, ಮರೀನೂ ಬೇಡ. ಅಪ್ಪನ ಮಾತು."

ಓಪಲ್ ಕೈ ಒರೆಸಿಕೊಳ್ಳುತ್ತ ಎದ್ದರು.

"ನಿಮ್ಮಪ್ಪನ ಮಾತು ನಂಗೇ ಹೇಳ್ತೀಯೇನೋ? ನೀನು ಹುಟ್ಟಿದಾಗ ನಂಗೂ ಹೀಗೇ ಜಾರಿತ್ತು. ಮತ್ತೆ ಜಾರದ ಹಾಗೆ ಡಾಕ್ಟರು ಒಳಗೊಂದು ರಿಂಗ್ ಇಟ್ಟು ಕಳಿಸಿದ್ರು. ಆ ಚಳಿಗಾಲ ಪೂರ್ತಿ ನಿಮ್ಮಪ್ಪ ನನ್ನ ಕೈಲಿ ಒಂದು ಬಕೆಟ್ಟೂ ಎತ್ತಿಸ್ಲಿಲ್ಲ. ತಾಯೀನೂ ಬೇಡ ಮರೀನೂ ಬೇಡ ಅಂದಿದ್ರೆ, ಆ ಸೀಮೆಸುಣ್ಣ ಇವತ್ತು ಯಾರ ಕೈಲಿರ್ತಿತ್ತೋ!"

ಕರ್ಟಿಸ್‌ನ ಕಿವಿಗಳು ಕೆಂಪಾದವು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ ಮಾರ್ಲಿಸ್ ಸೋತು, ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೇ ಕುಸಿದು ನಕ್ಕಳು. ಕೊನೆಗೆ ಅವನ ಮೀಸೆಯೂ ಅಲುಗಿತು. ಸೀಮೆಸುಣ್ಣ ಜೇಬಿಗೆ ಹೋಯಿತು.

"ಆಯ್ತು, ಒಂದು ವರ್ಷ ಇಟ್ಕೊಂಡು ನೋಡೋಣ," ಎಂದ.

"ನಿಮ್ಮಪ್ಪನೂ ಅವತ್ತು ಹಾಗೇ ಅಂದ್ರು," ಎಂದರು ಓಪಲ್. "ನಲವತ್ತೊಂದು ವರ್ಷ ಇಟ್ಕೊಂಡ್ರು."